ಕೆಂಪು ಖಾಡಿಗೆ, ನೀಲಿ ರೈಲಿಗೆ

ಡೋಂಬಿವಲಿಯಲ್ಲಿ ಶೆಟ್ಟಿ ಎಂದು ಹೆಸರು ಹೇಳಿದರೆ ಮರುಪ್ರಶ್ನೆ ಒಂದೇ: ಹೋಟೆಲು ಎಲ್ಲಿ? ಜಯಶೀಲ ಶೆಟ್ಟರಿಗೆ ಹೋಟೆಲು ಇರಲಿಲ್ಲ. ಅವರಿಗೆ ಇದ್ದದ್ದು ಒಂದು ವಿಮಾನ. ಅದೂ ಪೂರ್ತಿಯಲ್ಲ, ಮುಕ್ಕಾಲು. ಡೋಂಬಿವಲಿ ಪಶ್ಚಿಮದಲ್ಲಿ ರೇತಿಬಂದರಿಗೆ ಹೋಗುವ ರಸ್ತೆಯ ಬದಿಗೆ, ಒಂದು ಕಾಲಕ್ಕೆ ಮರಳು ದೋಣಿಗಳ ಸಾಮಾನು ತುಂಬಿಡುತ್ತಿದ್ದ ತಗಡಿನ ಗೋಡೌನಿನಲ್ಲಿ ಅದು ನಿಂತಿತ್ತು. ಅಮೆರಿಕದಿಂದ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ, ನಾವೇ ಜೋಡಿಸಿಕೊಳ್ಳಬೇಕಾದ, ಇಬ್ಬರು ಕೂರುವ ಪುಟ್ಟ ವಿಮಾನ. ನೋಡಲು ಬಂದವರು ಮೊದಲು ನಗುತ್ತಿದ್ದರು, ಆಮೇಲೆ ಅದರ ಮೈ ಮುಟ್ಟುತ್ತಿದ್ದರು, ಕೊನೆಗೆ ತಗ್ಗಿದ ದನಿಯಲ್ಲಿ ಇದು ಹಾರುತ್ತದೆಯೇ ಎಂದು ಕೇಳುತ್ತಿದ್ದರು.

ಹಾರುವುದಿಲ್ಲ ಎಂಬುದು ಶೆಟ್ಟರಿಗೆ ಚೆನ್ನಾಗಿ ಗೊತ್ತಿತ್ತು. ಹಾರಿಸಲು ದಿಲ್ಲಿಯಿಂದ ಅನುಮತಿಯ ಕಾಗದ ಬರಬೇಕು. ಆ ಕಾಗದ ಬರುವ ಹೊತ್ತಿಗೆ ಅವರಿಗೆ ದೃಷ್ಟಿ ಇರುವುದಿಲ್ಲ. ಗ್ಲಾಕೋಮಾ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ನಡುವಿನ ಒಂದಿಷ್ಟು ಮಾತ್ರ, ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ, ಉಳಿದಿತ್ತು. ಅದು ೧೯೯೭ ದಾಟಿದರೆ ಹೆಚ್ಚು ಎಂದು ಠಾಣೆಯ ಡಾಕ್ಟರು ಹೇಳಿದ್ದರು. ಮೂವತ್ತನಾಲ್ಕು ವರ್ಷ ಸಾಂತಾಕ್ರೂಜ್‌ನ ಹ್ಯಾಂಗರಿನಲ್ಲಿ ವಿಮಾನಗಳ ಬಾಲದ ಕೆಳಗೆ ಮಲಗಿ ಕೆಲಸ ಮಾಡಿದ ಮನುಷ್ಯ ಅವರು. ಬೇರೆಯವರು ಓಡಿಸುವ ಯಂತ್ರಗಳಿಗೆ ಸರಿಯಿದೆ ಎಂದು ರುಜು ಹಾಕಿದ್ದೇ ಬಂತು, ಒಂದನ್ನಾದರೂ ತಮ್ಮ ಕಾಲಿನಿಂದ ಹತ್ತು ಮಾರು ನಡೆಸಿದವರಲ್ಲ. ಈಗ ಅವರಿಗೆ ಬೇಕಾದದ್ದು ಇಷ್ಟೇ. ಇರುವ ಚೂರು ಬೆಳಕು ಆರುವುದರೊಳಗೆ, ಕಲ್ಯಾಣದ ಆಚೆಗಿನ ಯುದ್ಧಕಾಲದ ಹಳೇ ರನ್‌ವೇಯ ಮೇಲೆ, ನಡುಗೆರೆ ನೋಡುತ್ತ, ತಾವೇ ಪೆಡಲು ಒತ್ತಿ ಈ ತುದಿಯಿಂದ ಆ ತುದಿಗೆ ಒಮ್ಮೆ ಓಡಿಸಬೇಕು. ರೆಕ್ಕೆ ಇಲ್ಲದಿದ್ದರೂ ಸರಿ.

ಈ ಹುಚ್ಚಿಗೆ ಹೆಗಲು ಕೊಟ್ಟವನು ಸೈದಪ್ಪ. ಸಿಂದಗಿ ಕಡೆಯವನು, ಇದ್ದದ್ದು ಕಳವಾದ ಒಂದು ಖೋಲಿಯಲ್ಲಿ, ಹೆಂಡತಿ ದಾನಮ್ಮನ ಜೊತೆ. ಇಪ್ಪತ್ತೆರಡು ವರ್ಷ ಠಾಣೆಯ ಒಂದು ಕ್ರೇನ್ ಕಾರ್ಖಾನೆಯಲ್ಲಿ ಉಕ್ಕಿನ ಹಗ್ಗ ಹೆಣೆದಿದ್ದ. ಹಗ್ಗದ ತುದಿಯ ಎಳೆಗಳನ್ನು ಬಿಚ್ಚಿ, ಅದರದೇ ಮೈಯೊಳಗೆ ಮತ್ತೆ ಹೆಣೆದು ಕುಣಿಕೆ ಮಾಡುವ ಕೆಲಸ. ಆನೆ ಜಗ್ಗಿದರೂ ಬಿಚ್ಚಬಾರದು. ಕಾರ್ಖಾನೆ ಮುಚ್ಚಿದ ಮೇಲೆ ಕಾಮೋಠೆಯಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಭಾರ ಎತ್ತುವ ಹಗ್ಗ ಕಟ್ಟಿಕೊಂಡಿದ್ದ. ಅಲ್ಲಿಗೇ ಶೆಟ್ಟರು ಹುಡುಕಿಕೊಂಡು ಹೋದರು. ಪೆಟ್ಟಿಗೆ ನ್ಹಾವಾ ಶೇವಾ ಬಂದರಿನಲ್ಲಿ ಒಂದು ಇಡೀ ಮಳೆಗಾಲ ಕೊಳೆತು, ಚುಕ್ಕಾಣಿಯ ಹಗ್ಗಗಳಿಗೆ ತುಕ್ಕು ಹಿಡಿದಿತ್ತು. ಹೊಸ ಹಗ್ಗಕ್ಕೆ ಕುಣಿಕೆ ಹಾಕುವ ಕೈ ಬೇಕಿತ್ತು.

"ಸೈದಪ್ಪನವರೇ, ನಿಮ್ಮ ಕೈಯ ಕೆಲಸ ನೋಡಿದೆ. ನನ್ನ ಹತ್ತಿರ ಒಂದು ಸಣ್ಣ ವಿಮಾನ ಉಂಟು. ಬರ್ತೀರಾ?" ಎಂದರು.

ಸೈದಪ್ಪನಿಗೆ ವಿಮಾನ ಎಂಬ ಮಾತು ಆಮೇಲೆ ಕಿವಿಗೆ ಬಿತ್ತು. ಮೊದಲು ಬಿದ್ದದ್ದು 'ಅವರೇ'. ಇಪ್ಪತ್ತೆರಡು ವರ್ಷ ಅವನನ್ನು ಜನ ಕರೆದದ್ದು 'ಏ ರಸ್ಸಿವಾಲಾ', ಏ ಹಗ್ಗದವನೇ, ಎಂದು. ಕೆಲಸ ಕೆಟ್ಟರೆ ಅದರ ಹಿಂದೆ ಇನ್ನೊಂದು ಮಾತೂ ಸೇರುತ್ತಿತ್ತು. ಅಂದಿನಿಂದ ಪ್ರತಿ ಭಾನುವಾರ ಅವನು ಕಳವಾದಿಂದ ಲೋಕಲ್ ರೈಲು ಹಿಡಿದು ಗೋಡೌನಿಗೆ ಬಂದ. ದಾನಮ್ಮ ಕೇಳಿದರೆ, "ಅಲ್ಲಿ ನನಗ ಮನಿಷ್ಯಾ ಅಂತಾರ" ಎನ್ನುತ್ತಿದ್ದ.

ಇಬ್ಬರಿಗೂ ಒಂದೊಂದು ತೊಡಕು. ವಿಮಾನದ ನಕ್ಷೆಯ ಮೇಲೆ ಎಡ-ಬಲ ಎಂದು ಇದ್ದದ್ದು ಇಂಗ್ಲಿಷಿನ ಅಕ್ಷರದಲ್ಲಿ, ಅದು ಸೈದಪ್ಪನಿಗೆ ಬಾರದು. ಶೆಟ್ಟರಿಗೆ ಅಕ್ಷರ ಬರುತ್ತದೆ, ಕಣ್ಣು ಬಾರದು. ಬಾಯಲ್ಲಿ ಎಡ-ಬಲ ಎಂದುಕೊಂಡರೋ, ಒಬ್ಬ ಮೂತಿಯ ಕಡೆ, ಇನ್ನೊಬ್ಬ ಬಾಲದ ಕಡೆ ಎದುರುಬದುರು ನಿಂತಾಗ ಇವನ ಎಡ ಅವರಿಗೆ ಬಲ. ಎರಡು ಭಾನುವಾರ ಹೀಗೆ ಜಗಳವಾಡಿದ ಮೇಲೆ ಶೆಟ್ಟರೇ ಉಪಾಯ ಹೇಳಿದರು. ಗೋಡೌನಿನ ಒಂದು ಪಕ್ಕ ದೂರದಲ್ಲಿ ರೈಲು ಹಳಿ, ಇನ್ನೊಂದು ಪಕ್ಕ ಖಾಡಿ, ಸಮುದ್ರದ ಹಿನ್ನೀರಿನ ಕೆಸರು. ಲೋಕಲ್ ಹೋದರೆ ಸದ್ದು ಒಂದು ಕಿವಿಗೆ, ಖಾಡಿಯ ನಾತ ಇನ್ನೊಂದು ಕಡೆಯಿಂದ. ಕಣ್ಣಿಲ್ಲದವನೂ ತಪ್ಪಲಾರ. ಆ ದಿನದಿಂದ ವಿಮಾನಕ್ಕೆ ಎಡ-ಬಲ ಹೋಗಿ, ರೈಲಿನ ಕಡೆ, ಖಾಡಿ ಕಡೆ ಎಂದಾಯಿತು. ರೈಲಿನ ಕಡೆಯ ಪೆಡಲಿಗೂ ಅದರ ಸಾಮಾನಿಗೂ ಕೆಂಪು ಬಣ್ಣ, ಖಾಡಿ ಕಡೆಯದಕ್ಕೆ ನೀಲಿ. ಆಗ ವಿಮಾನದ ಮೂತಿ ಕಲ್ಯಾಣದ ದಿಕ್ಕಿಗಿತ್ತು, ರೈಲು ಅದರ ಬಲಕ್ಕೆ.

ಚುಕ್ಕಾಣಿಯ ಹಗ್ಗಗಳು ಜೂನ್ ಮುಗಿಯುವುದರೊಳಗೆ ಕೂತವು. ಪೆಡಲಿನಿಂದ ಹೊರಟು, ಸೀಟಿನ ಕೆಳಗಿನ ಕೊಳವೆಯಲ್ಲಿ ಹಾದು, ಬಾಲದ ಎರಡು ತೂತಿನಲ್ಲಿ ಹೊರಬಂದು ಚುಕ್ಕಾಣಿಯ ಎರಡು ಕಿವಿಗೆ ಸಿಕ್ಕಿಕೊಳ್ಳುವ ಹಗ್ಗಗಳು. ಶೆಟ್ಟರು ಪ್ರತಿ ಕುಣಿಕೆಯನ್ನೂ ಬೆರಳಲ್ಲಿ ಸವರಿ, ಒಂದು ಎಳೆಯೂ ಚುಚ್ಚಲಿಲ್ಲ ಎಂದು ಖುಷಿಪಟ್ಟರು. ಆಮೇಲೆ ತಾವು ಪೆಡಲಿನ ಹತ್ತಿರ ಕೂತು ಸೈದಪ್ಪನನ್ನು ಬಾಲಕ್ಕೆ ಕಳಿಸಿ, "ರೈಲು!" ಎಂದು ಒತ್ತುತ್ತಿದ್ದರು. ಅವನು ಚುಕ್ಕಾಣಿ ನೋಡಿ, "ರೈಲು ಬಂತ್ರಿ!" ಎಂದು ಕೂಗುತ್ತಿದ್ದ. "ಖಾಡಿ!" "ಖಾಡಿ ಬಂತ್ರಿ!" ಇಬ್ಬರು ಮುದಿ ಹುಡುಗರ ಆಟ.

ಆಟವಲ್ಲ ಅದು ಎಂದು ಶೆಟ್ಟರು ಹೇಳಿದರು. ವಿಮಾನದ ಕೈಕಾಲು ಆಡಿಸುವ ಭಾಗವನ್ನು ಒಬ್ಬ ಜೋಡಿಸಿದರೆ ಇನ್ನೊಬ್ಬ ನೋಡಿ ರುಜು ಹಾಕಬೇಕು. ಜೋಡಿಸಿದವನ ಕಣ್ಣನ್ನು ನಂಬಬಾರದು, ಅವನು ದೇವರಾದರೂ. ಇನ್ನೊಬ್ಬ ನೋಡುವ ತನಕ ಮುಚ್ಚಳ ಮುಚ್ಚಬಾರದು. "ಮೂವತ್ತನಾಲ್ಕು ವರ್ಷ ನಾನು ತಿಂದದ್ದು ಆ ಎರಡನೇ ರುಜುವಿನ ಅನ್ನ," ಎಂದರು.

ಉಳಿದದ್ದು ಮುಂದಿನ ಚಕ್ರ. ನೆಲದ ಮೇಲೆ ಮೆಲ್ಲಗೆ ಓಡುವಾಗ ವಿಮಾನ ತಿರುಗುವುದು ಬಾಲದಿಂದಲ್ಲ, ಆ ಚಕ್ರದಿಂದ. ಪೆಡಲುಗಳಿಂದ ಎರಡು ಸಲಾಕೆಗಳು ಕಾಲಡಿಯ ತಗಡಿನ ಕೆಳಗೆ ಹಾದು ಚಕ್ರದ ಎರಡು ತೋಳಿಗೆ ಸೇರಬೇಕು. ಜುಲೈಯಲ್ಲಿ ಶೆಟ್ಟರ ಕಣ್ಣಿನ ಒತ್ತಡ ಏರಿ, ಕೂಡಲೇ ಆಪರೇಷನ್ ಎಂದಾಯಿತು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರು ಸೈದಪ್ಪನ ಕೈ ಹಿಡಿದು ಸಲಾಕೆಗಳ ಮೇಲಿಟ್ಟು, "ಕೆಂಪು ಖಾಡಿಗೆ, ನೀಲಿ ರೈಲಿಗೆ. ನೆನಪಿರಲಿ" ಎಂದರು. ಅಂದರೆ ಸಲಾಕೆಗಳು ಒಂದರ ಮೇಲೊಂದು ದಾಟಿ, ಆಚೆ ಕಡೆಯ ತೋಳಿಗೆ ಹೋಗಬೇಕು. ಬಲಗಾಲು ಒತ್ತಿದರೆ ಸಲಾಕೆ ಎಡತೋಳನ್ನು ಮುಂದಕ್ಕೆ ನೂಕುತ್ತದೆ, ಚಕ್ರ ಬಲಕ್ಕೆ ತಿರುಗುತ್ತದೆ. ಈ ಕಾರಣ ಶೆಟ್ಟರಿಗೆ ಎಷ್ಟು ಸಹಜವೆಂದರೆ ಅದನ್ನು ಬಾಯಿಬಿಟ್ಟು ಹೇಳಬೇಕೆಂದೇ ಅವರಿಗೆ ತೋಚಲಿಲ್ಲ. ಸೈದಪ್ಪನಿಗೆ ಸಿಕ್ಕಿದ್ದು ನಾಲ್ಕು ಮಾತು. ಲೋಕಲ್‌ನ ಬಾಗಿಲಲ್ಲಿ ಜೋತುಬಿದ್ದು ಕಳವಾದ ತನಕ ಅದನ್ನೇ ಜಪಿಸಿದ.

ಆ ವಾರವೇ ಗಾಳಿಮಳೆ. ಗೋಡೌನಿನ ಕಲ್ಯಾಣದ ಕಡೆಯ ಎರಡು ತಗಡು ಹಾರಿಹೋಗಿ ಎಂಜಿನ್ನಿನ ಮೇಲೇ ನೀರು ಸುರಿಯಿತು. ಸೈದಪ್ಪ ರೇತಿಬಂದರಿನ ನಾಲ್ವರು ಹಮಾಲರನ್ನು ಕರೆತಂದು, ವಿಮಾನವನ್ನು ಬಾಲ ಹಿಡಿದು ಪೂರ್ತಿ ತಿರುಗಿಸಿ, ಮೂತಿಯನ್ನು ಠಾಣೆಯ ದಿಕ್ಕಿಗೆ, ಒಣ ಜಾಗಕ್ಕೆ ತಂದ. ತಾನು ಸಮಯಕ್ಕೆ ಬಂದು ಎಂಜಿನ್ ಉಳಿಸಿದೆನೆಂದು ಅವನಿಗೆ ಹಿಗ್ಗು. ಮರುವಾರ ಸಲಾಕೆ ಹಾಕಲು ಮಲಗಿದ. ಲೋಕಲ್ ಸದ್ದು ಬಂದ ಕಡೆ ರೈಲು, ಇತ್ತ ಖಾಡಿ. ಕೆಂಪು ಖಾಡಿಗೆ, ನೀಲಿ ರೈಲಿಗೆ. ವಿಮಾನ ತಿರುಗಿದಾಗ ಅದರ ತೋಳುಗಳೂ ತಿರುಗಿದ್ದವು, ಮೊದಲು ರೈಲಿನ ಕಡೆಯಿದ್ದ ತೋಳೂ ಕೆಂಪು ಪೆಡಲೂ ಈಗ ಖಾಡಿ ಕಡೆ ಇದ್ದವು. ಅದು ಅವನ ತಲೆಗೆ ಹೊಳೆಯಲಿಲ್ಲ. ಸಲಾಕೆಗಳು ದಾಟದೆ ನೆಟ್ಟಗೆ, ಜೋಡಿ ಹಳಿಯಂತೆ ಕೂತವು. ತುಸು ಉದ್ದವೆನ್ನಿಸಿ ತುದಿಯ ತಿರುಪು ಪೂರ್ತಿ ಒಳಕ್ಕೆ ಹಾಕಬೇಕಾಯಿತು. ಎಷ್ಟು ಅಚ್ಚುಕಟ್ಟಾಗಿ ಕಂಡಿತೆಂದರೆ, ಶೆಟ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿರಲಿ ಎಂಬ ಆಸೆಯಿಂದ, ಮೇಲಿನ ತಗಡು ಮುಚ್ಚಿ ನಲವತ್ತು ಸ್ಕ್ರೂ ಬಿಗಿದುಬಿಟ್ಟ.

ಸೆಪ್ಟೆಂಬರಿನಲ್ಲಿ ಶೆಟ್ಟರು ಬಂದರು. ಹೆಂಡತಿ ಹರಿಣಾಕ್ಷಿ ಕೈ ಹಿಡಿದು ಕರೆತಂದು, ಬಾಗಿಲಲ್ಲಿ ಬಿಟ್ಟು, ಟಿಫಿನ್ ಇಟ್ಟು ಹೋದರು. ಆಪರೇಷನ್ನಿನಿಂದ ಏನೂ ಗುಣವಾಗಿರಲಿಲ್ಲ. ಬಾಗಿಲ ಸಂದಿ ಇನ್ನಷ್ಟು ಕಿರಿದಾಗಿತ್ತು. ಅದನ್ನು ಹರಿಣಾಕ್ಷಿಗೆ ಹೇಳಿರಲಿಲ್ಲ, ಹೇಳಿದರೆ ಗೋಡೌನು ಬಂದ್ ಆಗುತ್ತಿತ್ತು. ವಿಮಾನ ತಿರುಗಿಸಿದ್ದನ್ನು ಸೈದಪ್ಪ ಹೆಮ್ಮೆಯಿಂದ ವರದಿ ಮಾಡಿದ. "ಒಳ್ಳೇದಾಯ್ತು ಮಾರಾಯ್ರೆ, ಎಂಜಿನ್ ಉಳಿಯಿತು," ಎಂದರು ಶೆಟ್ಟರು. ಆಮೇಲೆ ಒಳಗೆ ಕೈಯಾಡಿಸಿದರು. ಬೆರಳು ಸ್ಕ್ರೂಗಳ ಸಾಲಿನ ಮೇಲೆ ನಿಂತಿತು.

"ಮುಚ್ಚಿಬಿಟ್ರಾ?"

"ನೀವು ಹೇಳ್ದಂಗ ಹಾಕೀನ್ರಿ. ತೆಗೀಲೇನ್ರಿ?"

ಶೆಟ್ಟರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತೆಗೆದರೆ ನೋಡುವವರಾರು? ಬೇರೆ ಯಾರನ್ನಾದರೂ ಕರೆದರೆ ತಮಗೆ ಕಾಣುವುದಿಲ್ಲವೆಂಬುದು ಮನೆ ತಲುಪುತ್ತದೆ. ಬೆರಳಲ್ಲಿ ಸವರಿ ನೋಡಬಹುದಿತ್ತು, ನಿಜ. ಆದರೆ ಸೈದಪ್ಪನ ದನಿಯಲ್ಲಿ ಅಷ್ಟು ಸಂತೋಷವಿತ್ತು, ಅದನ್ನು ಅನುಮಾನಿಸಲು ಅವರಿಗೆ ಮನಸ್ಸು ಬರಲಿಲ್ಲ. "ಬೇಡ. ನೀವು ಮಾಡಿದ್ದಲ್ವಾ," ಎಂದರು. ಪೆಡಲು ಒತ್ತಿ ಬಾಲದ ಚುಕ್ಕಾಣಿ ಮಾತ್ರ ನೋಡಿದರು, ಅದು ಸರಿಯಾಗಿಯೇ ಆಡಿತು. ಮುಂದಿನ ಚಕ್ರ ಭಾರ ಹೊತ್ತು ನಿಂತಿತ್ತು, ಅಲುಗಲಿಲ್ಲ. ಸಲಾಕೆಯ ಸ್ಪ್ರಿಂಗು ಮಾತ್ರ ಕಿರ್ರೆಂದಿತು. ಮೂತಿ ಎತ್ತಿ ನೋಡಲು ಇನ್ನಿಬ್ಬರು ಬೇಕಿತ್ತು. ಪ್ರೀತಿ ಎಂಬುದು ಇಂಥ ಕಡೆ ಕೆಲಸ ಕೆಡಿಸುತ್ತದೆ, ಹಗೆಗಾರನಾಗಿದ್ದರೆ ನಲವತ್ತೂ ಸ್ಕ್ರೂ ಬಿಚ್ಚಿಸುತ್ತಿದ್ದ.

ಅಕ್ಟೋಬರಿನ ಮೊದಲ ಭಾನುವಾರ, ರೆಕ್ಕೆ ಹಾಕದ ವಿಮಾನವನ್ನು ಟೆಂಪೋಕ್ಕೆ ಏರಿಸಿ ಕಲ್ಯಾಣದ ಆಚೆಗೆ ಒಯ್ದರು. ಹಳೇ ರನ್‌ವೇಯಲ್ಲಿ ಎಮ್ಮೆಗಳು ಮಲಗಿದ್ದವು. ಅವನ್ನೆಬ್ಬಿಸಿ, ಸೈದಪ್ಪ ನಡುವೆ ಸುಣ್ಣದ ಪುಡಿಯಿಂದ ಉದ್ದಕ್ಕೂ ದಪ್ಪ ಗೆರೆ ಎಳೆದ. ಶೆಟ್ಟರು ಇಸ್ತ್ರಿ ಮಾಡಿದ, ಹ್ಯಾಂಗರಿನ ಕೆಲಸದ ಹಳೇ ಅಂಗಿ ತೊಟ್ಟು ಬಂದಿದ್ದರು. ಕೂತರು. ಪಕ್ಕದಲ್ಲಿ ಸೈದಪ್ಪ, ಅವರಿಗೆ ಕಣ್ಣಾಗಿ. ಎಂಜಿನ್ ಹೊತ್ತಿಕೊಂಡಿತು. "ಗೆರೆ ಕಾಣ್ತದೆ!" ಎಂದು ಶೆಟ್ಟರು ಕೂಗಿದರು.

ಮೊದಲ ಐವತ್ತು ಮಾರು ನೆಟ್ಟಗೆ ಹೋಯಿತು. ಅಷ್ಟೇ ಅವರ ಪಾಲಿಗೆ ಬಂದದ್ದು. ಒಂದು ಗುಂಡಿ ಹಾರಿ ವಿಮಾನ ತುಸು ಎಡಕ್ಕೆ ವಾಲಿತು, ಗೆರೆ ಅವರ ಕಣ್ಣಿನ ಆ ಸಂದಿಯಿಂದ ಜಾರಿತು.

"ಎಡಕ್ಕ ಹೊಂಟದರಿ, ಬಲಕ್ಕ ಒತ್ತರಿ!"

ಒತ್ತಿದರು. ಅದು ಇನ್ನೂ ಎಡಕ್ಕೆ ಹೋಯಿತು.

"ಬಲಕ್ಕರೀ ಶೆಟ್ರ, ಬಲಕ್ಕ! ಜೋರ ಒತ್ತರಿ!"

ಜೋರಾಗಿ ಒತ್ತಿದರು. ಎಷ್ಟು ಜೋರಾಗಿ ಒತ್ತಿದರೋ ಅಷ್ಟು ಜೋರಾಗಿ ಅದು ಎಡಕ್ಕೆ ನುಗ್ಗಿ, ಪಟ್ಟಿ ಬಿಟ್ಟು, ಹುಲ್ಲು ಹಾರಿ, ಚರಂಡಿಗೆ ಮೂತಿ ಊರಿ ನಿಂತಿತು. ಮೂತಿಯ ಪಂಖ ಎರಡು ತುಂಡಾಯಿತು, ಮುಂದಿನ ಕಾಲು ಬಾಗಿತು. ಮನುಷ್ಯರಿಗೆ ಹೆಚ್ಚೇನೂ ಆಗಲಿಲ್ಲ. ಶೆಟ್ಟರ ಹಣೆಯಲ್ಲಿ ಒಂದು ಗುಬುಟು, ಸೈದಪ್ಪನ ಮೊಣಕೈ ತರಚಿತು.

ಶೆಟ್ಟರು ಹುಲ್ಲಿನ ಮೇಲೆ ಕೂತು ತಮ್ಮ ಎರಡು ಕಾಲನ್ನೂ ಮುಟ್ಟಿ ಮುಟ್ಟಿ ನೋಡಿಕೊಂಡರು. "ನೀವು ಬಲ ಅಂದ್ರಿ. ನಾನು ಎಡ ಒತ್ತಿದೆ," ಎಂದರು. "ಕಣ್ಣು ಹೋಗ್ತದೆ ಅಂತ ಗೊತ್ತಿತ್ತು. ತಲೆಯೂ ಹೋಯ್ತು ಅಂತ ಗೊತ್ತಿರಲಿಲ್ಲ."

ಟೆಂಪೋದವನು ಅವರನ್ನು ಕೈಹಿಡಿದು ನೆರಳಿಗೆ ಕರೆದೊಯ್ದ. ಸೈದಪ್ಪ ಮೂತಿ ಎತ್ತಲು ಬಗ್ಗಿದಾಗ ಬಿರಿದ ತಗಡಿನ ಸಂದಿಯಲ್ಲಿ ಸಲಾಕೆಗಳು ಕಂಡವು. ಚಕ್ರ ಈಗ ನೆಲಕ್ಕೆ ತಾಗಿರಲಿಲ್ಲ. ಒಳಗೆ ಕೈಹಾಕಿ ಕೆಂಪು ಪೆಡಲನ್ನು, ಬಲದ್ದನ್ನು, ಒತ್ತಿದ. ಚಕ್ರ ಎಡಕ್ಕೆ ತಿರುಗಿತು. ಮತ್ತೆ ಒತ್ತಿದ. ಮತ್ತೆ ಎಡಕ್ಕೆ. ಆಗ ಅವನಿಗೆ ಗೋಡೌನು, ಗಾಳಿಮಳೆ, ನಾಲ್ವರು ಹಮಾಲರು ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿ, ಚರಂಡಿಯಲ್ಲೇ ಕುಕ್ಕರಿಸಿದ.

ಹೇಳಬೇಕಿತ್ತು. ಇಪ್ಪತ್ತು ಹೆಜ್ಜೆಯಾಚೆ ಶೆಟ್ಟರು ಕೂತಿದ್ದರು. ಆದರೆ ಹೇಳಿದರೆ ಆ ಬಾಯಿಂದ ಏನು ಬಂದೀತು? ರಸ್ಸಿವಾಲಾ ಎಂದುಬಿಟ್ಟರೆ? ಬೇರೆ ಯಾರು ಅಂದರೂ ತಡೆದುಕೊಂಡಾನು, ಅವರು ಅನ್ನಬಾರದು. ಸೈದಪ್ಪ ತಗಡನ್ನು ಕಲ್ಲಿನಿಂದ ಬಡಿದು ಸಂದಿ ಮುಚ್ಚಿದ. ಅವನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲಿ, ಸಲಾಕೆ ಹಾಕಿದಾಗ ಅಲ್ಲ.

ವಿಮಾನವನ್ನು ಟೆಂಪೋದಲ್ಲಿ ಗೋಡೌನಿಗೆ ಮರಳಿಸಿದ ಮೇಲೆ ಅವನು ಡೋಂಬಿವಲಿಗೆ ಹೋಗಲಿಲ್ಲ. ಕಾಮೋಠೆಯಲ್ಲಿ ಕೆಲಸ ಜಾಸ್ತಿ ಎಂದುಕೊಂಡ, ಜ್ವರ ಎಂದುಕೊಂಡ. ಭಾನುವಾರ ಬಂದರೆ ಖೋಲಿಯ ಬಾಗಿಲಲ್ಲಿ ಕೂತು ಕಾರ್‌ಶೆಡ್ಡಿಗೆ ಹೋಗುವ ಖಾಲಿ ಲೋಕಲ್‌ಗಳನ್ನು ನೋಡುತ್ತಿದ್ದ. ಮೂರನೇ ಭಾನುವಾರವೂ ಹೀಗೆ ಕಳೆದ ಮೇಲೆ ದಾನಮ್ಮ ಊಟದ ತಾಟು ಮುಂದಿಟ್ಟು ಕೈ ಹಿಡಿದಳು. "ಏನಾಗ್ಯಾದ ಹೇಳ್ರಿ. ಇಲ್ಲಂದ್ರ ನಾನೂ ಉಣ್ಣಂಗಿಲ್ಲ." ಹೇಳಿದ. ಎಲ್ಲವನ್ನೂ ಹೇಳಿದ.

ಅವಳು ಬೈಯಲಿಲ್ಲ. "ಆ ಮುದುಕಗ ತನ್ನ ಕಾಲ ಮ್ಯಾಲ ಭರೋಸಾ ಹೋಗ್ಯಾದ. ಅದನ್ನ ನೀವ ಇಟ್ಕೊಂಡ ಕುಂತೀರಿ. ಹೋಗಿ ಕೊಟ್ಟ ಬರ್ರಿ," ಎಂದಳು.

ಮರುದಿನ ಕೆಲಸ ಬಿಟ್ಟು ಶೆಟ್ಟರ ಮನೆಗೆ ಹೋದ. ಮೂರನೇ ಮಹಡಿ. ಹರಿಣಾಕ್ಷಿ ಬಾಗಿಲು ತೆರೆದು, "ಬನ್ನಿ. ಅವರು ಯಾರ ಹತ್ರವೂ ಮಾತಾಡ್ತಾ ಇಲ್ಲ" ಎಂದರು. ಶೆಟ್ಟರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಗಡ್ಡ ಬೆಳೆದಿತ್ತು. ಸೈದಪ್ಪ ಕೂರಲಿಲ್ಲ. ನಿಂತೇ, ಒಂದೇ ಉಸಿರಿಗೆ, ಗೋಡೌನು ತಿರುಗಿಸಿದ್ದರಿಂದ ಚರಂಡಿಯಲ್ಲಿ ಪೆಡಲು ಒತ್ತಿ ನೋಡಿದ್ದರವರೆಗೆ ಹೇಳಿ ಮುಗಿಸಿದ. ಹೇಳುವ ಗಾಬರಿಯಲ್ಲಿ, ತಾನು ತಿರುಗಿಸಿದ್ದು ಗೋಡೌನನ್ನಲ್ಲ ವಿಮಾನವನ್ನು ಎಂದು ಎರಡು ಸಲ ತಿದ್ದಿಕೊಳ್ಳಬೇಕಾಯಿತು.

ಶೆಟ್ಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಮೇಲೆ ಕೇಳಿದರು: "ಹಾಗಾದರೆ ನಾನು ಒತ್ತಿದ್ದು ಬಲಗಾಲೇ?"

"ಬಲಗಾಲ ರೀ. ಎರಡೂ ಸಲ ಬಲಗಾಲ."

ಶೆಟ್ಟರ ಮುಖ ಅರಳಿತು. ಅಂಥ ಮುಖವನ್ನು ಸೈದಪ್ಪ ಮತ್ತೆಂದೂ ನೋಡಲಿಲ್ಲ. ಅವರು ಹೆಂಡತಿಯನ್ನು ಕರೆದು ತುಳುವಿನಲ್ಲಿ ಗಡಗಡನೆ ಏನೋ ಹೇಳಿದರು, ಬಲ ಮೊಣಕಾಲನ್ನು ತಟ್ಟಿದರು, ನಕ್ಕರು. ತಲೆ ಕೆಟ್ಟಿಲ್ಲ, ಕಾಲು ತಪ್ಪಿಲ್ಲ. "ತಪ್ಪು ನನ್ನದೂ ಉಂಟು. ಆ ಸ್ಕ್ರೂ ಬಿಚ್ಚಿಸಬೇಕಿತ್ತು, ಅದು ನನ್ನ ರುಜು," ಎಂದರು. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದ ಸೈದಪ್ಪನಿಗೆ ಜೀವ ಬಂತು.

"ಹತ್ತ ದಿನ ಕೊಡ್ರಿ ಶೆಟ್ರ," ಎಂದ. "ಮುಂದಿನ ಕಾಲ ನೆಟ್ಟಗ ಮಾಡ್ತೀನಿ. ಪಂಖ ಎಲ್ಲಿಂದರ ತರಸ್ರಿ. ಸಲಾಕಿ ದಾಟಿಸಿ ಹಾಕ್ತೀನಿ, ತಗಡ ಮುಚ್ಚಂಗಿಲ್ಲ. ಮತ್ತೊಮ್ಮೆ ಹೋಗೂಣ್ರಿ."

ಉತ್ತರ ಕೊಟ್ಟದ್ದು ಹರಿಣಾಕ್ಷಿ. ಹತ್ತು ದಿನದ ಹಿಂದೆ ಮುಂಬ್ರಾದ ಭಂಗಾರಿನವರು, ಗುಜರಿಯವರು, ಬಂದು ವಿಮಾನವನ್ನು ಒಯ್ದರು. ಇವರೇ ಕರೆಸಿದ್ದು. ಕಾಲು ಯಾವುದೆಂದು ತಿಳಿಯದವನಿಗೆ ಅದು ಯಾಕೆ ಎಂದರು. ಗೋಡೌನಿನಲ್ಲೇ ಕತ್ತರಿಸಿ ತುಂಬಿಕೊಂಡು ಹೋದರು.

"ನಿಮಗೆ ಯಾವಾಗ ಗೊತ್ತಾದದ್ದು?" ಶೆಟ್ಟರು ಕೇಳಿದರು. ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಅವತ್ತ ರೀ."

"ಅವತ್ತೇ?"

"ಅಲ್ಲೇ. ಚರಂಡ್ಯಾಗ."

ಶೆಟ್ಟರು ಮುಖ ತಿರುಗಿಸಿ ಅವನನ್ನು ನೋಡಿದರು. ನೋಡಿದ್ದು ಅವನನ್ನಲ್ಲ, ಅವನಿಗಿಂತ ಎರಡು ಮೊಳ ಆಚೆ, ಗೋಡೆಯ ಕ್ಯಾಲೆಂಡರನ್ನು. ಆಗ ಸೈದಪ್ಪನಿಗೆ ತಿಳಿಯಿತು, ಬಾಗಿಲ ಸಂದಿಯೂ ಮುಚ್ಚಿಹೋಗಿತ್ತು.

"ಮೊನ್ನೆ ಗುರುವಾರದ ತನಕ ಈ ಕಿಟಕಿಯ ಸರಳು ಕಾಣ್ತಾ ಇತ್ತು, ಸೈದಪ್ಪನವರೇ," ಎಂದರು ಶೆಟ್ಟರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನಮಗೆ ಎರಡು ಭಾನುವಾರ ಇತ್ತು."